ಮಸಿಯಕ್ಕನ ಹೆಬ್ಬೆರಳು

ಅವಳ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಕಪ್ಪಲ್ಲ. ದೀಪದ ಮಸಿ ಉಗುರಿನ ಸಂದಿಗಿಳಿದು, ಅದರ ಮೇಲೆ ಅರಗು ಕೂತು, ಒಳಗೇ ಗಟ್ಟಿಯಾದ ಕಪ್ಪು. ಬೂದಿ ಹಾಕಿ ತಿಕ್ಕಿದರೂ ಹೋಗದು, ಹುಣಸೆಹಣ್ಣು ಹಾಕಿದರೂ ಹೋಗದು. ಉಳಿದ ಒಂಬತ್ತು ಬೆರಳುಗಳಿಗೆ ಮೀನಿನ ವಾಸನೆ. ಮೊದಲ ದಿನ ಅದೇ ಕೈಯಿಂದ ಅವಳು ನನಗೊಂದು ಲೋಟ ಚಹಾ ಕೊಟ್ಟಳು. ನಾನು ತೆಗೆದುಕೊಂಡೆ, ಅವಳು ಆಚೆ ತಿರುಗಿದ ಕೂಡಲೇ ಕಿಟಕಿಯಿಂದ ಚೆಲ್ಲಿದೆ. ಅಷ್ಟು ಹೇಸಿಗೆ ನನಗೆ.

ಹೇಸಿಗೆ ಪಡಲು ನನಗೆ ಯಾವ ಹಕ್ಕಿತ್ತೋ ದೇವರೇ ಬಲ್ಲ. ಶಿರಾಲಿಯ ನಮ್ಮ ಅಜ್ಜಿಯೂ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗಿದವಳೇ. ಅಪ್ಪ ಒಂದು ಕಚೇರಿಯಲ್ಲಿ ಜವಾನನಾಗಿ ಸೇರಿ, ಆ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ, ಮಕ್ಕಳಿಗೆಲ್ಲ ವಾಸನೆ ಸಾಬೂನು ತಂದುಕೊಟ್ಟ. ನಾನು ಬಿ.ಎಸ್ಸಿ. ಮಾಡಿದ್ದೆ, ಇಸ್ತ್ರಿ ಹಾಕಿದ ಅಂಗಿ ತೊಡುತ್ತಿದ್ದೆ, ಅಜ್ಜಿಯ ಬುಟ್ಟಿಯ ಸುದ್ದಿ ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಚಹಾ ಚೆಲ್ಲಿದ್ದು ಆ ಸಾಬೂನಿನ ಪ್ರತಾಪ.

ಎಪ್ಪತ್ತರ ದಶಕದ ಕೊನೆ ಅದು. ಕುಮಟೆ ತಾಲೂಕಿನಲ್ಲಿ, ಧಾರೇಶ್ವರದಿಂದ ಸ್ವಲ್ಪ ಈಚೆ, ಹೆದ್ದಾರಿ ಬಿಟ್ಟು ಅರ್ಧ ತಾಸು ಹತ್ತಿದರೆ ಒಂದು ಬೋಳು ಕಲ್ಲುಗುಡ್ಡ. ಅದರ ಮೇಲೆ ಒಂದು ದೊಡ್ಡ ಸಂಸ್ಥೆಯವರು ಒಂದು ಕೋಣೆಯ ಗುಡಿಸಲು ಕಟ್ಟಿ ಭೂಕಂಪದ ಅಲೆಗಳನ್ನು ಬರೆದುಕೊಳ್ಳುವ ಯಂತ್ರ ಇಟ್ಟಿದ್ದರು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಹೋಗಿ ಕೈ ತೊಳೆಯಬೇಕಾಗುತ್ತದೆ. ನಾನು ಅಲ್ಲಿಗೆ ವೀಕ್ಷಕ, ಅದೂ ತಾತ್ಕಾಲಿಕ. ಕುಮಟೆಯಲ್ಲಿ ಬಾಡಿಗೆ ಕೋಣೆ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಅವಳು ಸಂಸ್ಥೆಯ ಕಾಗದದಲ್ಲಿ ‘ಕಸ ಗುಡಿಸುವ ಹೆಂಗಸು’. ಗುಡ್ಡದ ಕೆಳಗಿನವರ ಬಾಯಲ್ಲಿ ಮಸಿಯಕ್ಕ. ನಾನು ಮೊದಲು ಏನೂ ಕರೆಯುತ್ತಿರಲಿಲ್ಲ, ಆಮೇಲೆ ಅಕ್ಕ ಎಂದೆ.

ಅವಳಿಗೆ ಆ ಕೆಲಸ ಸಿಕ್ಕಿದ್ದೂ ಒಂದು ತಮಾಷೆಯೇ. ಯಂತ್ರದ ಪೆಟ್ಟಿಗೆಗಳು ಬಂದ ದಿನ ಕೂಲಿಗೆ ಬಂದ ಗಂಡಸರು ಗುಡ್ಡ ನೋಡಿ, ಪೆಟ್ಟಿಗೆ ನೋಡಿ, ಬೀಡಿ ಹಚ್ಚಿ ಕೂತರಂತೆ. ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಬರುತ್ತಿದ್ದ ಇವಳು ಸಿಂಬಿಯನ್ನು ತಲೆಯ ಮೇಲೆ ಸರಿ ಮಾಡಿಕೊಂಡು, ಒಂದೊಂದೇ ಪೆಟ್ಟಿಗೆ ಹೊತ್ತು ಮೇಲೆ ಮುಟ್ಟಿಸಿದಳು. ಒಂದನ್ನೂ ಅಲುಗಿಸಲಿಲ್ಲ. ಗಂಡ ಮಲ್ಪೆಯ ಬೋಟುಗಳಲ್ಲಿ ದುಡಿಯುತ್ತಿದ್ದ, ಮಳೆಗಾಲಕ್ಕೆ ಮಾತ್ರ ಮನೆಗೆ ಬರುವವ. ಒಬ್ಬಳು ಮಗಳು. ಬೆಳಗ್ಗೆ ಗುಡ್ಡ, ಹತ್ತು ಗಂಟೆಯ ಮೇಲೆ ಮೀನುಬುಟ್ಟಿ, ಅದು ಅವಳ ದಿನಚರಿ.

ಯಂತ್ರದ ಕೆಲಸವನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಹೊಲಸು ಅರ್ಥವಾಗುವುದಿಲ್ಲ. ಒಂದು ಉರುಳೆ, ಅದಕ್ಕೆ ಸುತ್ತಿದ ಕಾಗದ. ಕಾಗದಕ್ಕೆ ಸೀಮೆಎಣ್ಣೆ ದೀಪದ ಮಸಿ ಹಿಡಿಸಿರಬೇಕು. ಉರುಳೆ ನಿಧಾನ ತಿರುಗುವಾಗ ಒಂದು ಸೂಜಿ ಮಸಿಯನ್ನು ಕೆರೆದು ಬಿಳಿ ಗೆರೆ ಎಳೆಯುತ್ತಾ ಹೋಗುತ್ತದೆ. ನೆಲ ಅಲುಗಿದರೆ ಗೆರೆ ಅಲುಗುತ್ತದೆ. ಪಕ್ಕದ ಪೆಟ್ಟಿಗೆಯ ಗಡಿಯಾರ ನಿಮಿಷಕ್ಕೊಂದು ಗೀಟು ಹಾಕುತ್ತದೆ. ದಿನಕ್ಕೊಂದು ಕಾಗದ. ಇಳಿಸಿದ ಕಾಗದವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ ಒಣಗಿಸಿದರೆ ಮಸಿ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಅದರಲ್ಲಿ ಒಂದು ಗೆರೆಯನ್ನೂ ಅಳಿಸಲಾಗದು, ಹೊಸದನ್ನು ಎಳೆಯಲೂ ಆಗದು.

ಎಲ್ಲೋ ಮೂಡಣದ ದ್ವೀಪಗಳಲ್ಲಿ ನೆಲ ನಡುಗಿತು ಎನ್ನಿ. ಆ ನಡುಕ ಭೂಮಿಯ ಹೊಟ್ಟೆಯೊಳಗೆ ಆಳಕ್ಕಿಳಿದು, ಬಾಗಿ, ಮತ್ತೆ ಮೇಲೆ ಬಂದು, ಹತ್ತು ನಿಮಿಷದೊಳಗೆ ನಮ್ಮ ಗುಡ್ಡ ಮುಟ್ಟುತ್ತದೆ. ಗಟ್ಟಿಯಾದ ತಣ್ಣನೆಯ ಬಂಡೆಯಲ್ಲಿ ಬೇಗ ಬರುತ್ತದೆ, ಕಾದು ಮೆತ್ತಗಾದ ಬಂಡೆಯಲ್ಲಿ ತಡವಾಗುತ್ತದೆ. ಬರಬೇಕಾದ ಹೊತ್ತಿಗೆ ಬಂತೋ, ಎಷ್ಟು ಸೆಕೆಂಡು ತಡವಾಯಿತೋ ಎಂದು ನೋಡಬೇಕು. ಹೀಗೆ ಬೇರೆ ಬೇರೆ ದಿಕ್ಕಿನಿಂದ ಬಂದ ನಡುಕಗಳನ್ನೆಲ್ಲ ಕೂಡಿಸಿದರೆ, ಯಾವ ಮನುಷ್ಯನೂ ಎಂದೂ ಇಳಿದು ನೋಡಲಾಗದ ಆಳದ ಚಿತ್ರ ಮೂಡುತ್ತದೆ. ಓದಿ ಬಂದ ಹೊಸತರಲ್ಲಿ ಇದನ್ನು ನಾನು ಅಕ್ಕನಿಗೆ ದೊಡ್ಡ ಪಂಡಿತನ ಗತ್ತಿನಲ್ಲಿ ವಿವರಿಸಿದೆ.

ಅವಳು ದೀಪದ ಬತ್ತಿ ಕತ್ತರಿಸುತ್ತಾ ಕೇಳಿದಳು. “ಓ, ಇದು ಅಪ್ಪ ಹಲಗೆ ನೋಡ್ತಿದ್ದ ಹಂಗೆ ಆತು” ಎಂದಳು.

ಅವಳ ಅಪ್ಪ ದೋಣಿ ರಿಪೇರಿ ಮಾಡುತ್ತಿದ್ದವನು. ಹಳೆಯ ದೋಣಿಯನ್ನು ಮರಳಿಗೆ ಎಳೆದು ಹಾಕಿದರೆ ಮೊದಲು ಬೆರಳಿನ ಗೆಣ್ಣಿನಿಂದ ಹಲಗೆ ಹಲಗೆ ಬಡಿಯುತ್ತಾ, ಕಿವಿ ಆನಿಸಿ ಕೇಳುತ್ತಾ ಹೋಗುತ್ತಿದ್ದನಂತೆ.

“ಗಟ್ಟಿ ಹಲಗೆ ಬಡದ ಕೂಡ್ಲೆ ಮಾತಾಡ್ತದೆ ತಮಾ. ಕೊಳೆತ ಹಲಗೆ ತಡ ಮಾಡಿ ಮಾತಾಡ್ತದೆ. ಮೇಲೆ ಬಣ್ಣ ಎಷ್ಟು ಚೊಲೋ ಇದ್ರೂ ಅಷ್ಟೇ.”

ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಅವಳು ಬತ್ತಿ ಕತ್ತರಿಸುವಷ್ಟರಲ್ಲಿ ಮುಗಿಸಿದ್ದಳು. ನನಗೆ ಸಿಟ್ಟೇ ಬಂತು.

ಕಾಗದಕ್ಕೆ ಮಸಿ ಹಿಡಿಸುವುದು ನನ್ನ ಕೆಲಸ. ನನ್ನ ಕೈಯಲ್ಲಿ ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಸುಟ್ಟ ಕಲೆ. ಅವಳು ನಾಲ್ಕು ದಿನ ನೋಡಿ, ಐದನೆಯ ದಿನ ದೀಪವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮಗಳಿಗೆ ಕಾಡಿಗೆ ಹಿಡಿದು ಗೊತ್ತಿದ್ದ ಕೈ. ಉರುಳೆ ತಿರುಗಿಸುತ್ತಾ ಉರಿಯ ತುದಿಯನ್ನಷ್ಟೇ ಕಾಗದಕ್ಕೆ ಸೋಕಿಸುತ್ತಿದ್ದಳು. “ಮಸಿ ಹೆಚ್ಚಾದ್ರೆ ಸೂಜಿ ಸುಳ್ಳು ಹೇಳ್ತದೆ, ಕಡಿಮೆ ಆದ್ರೆ ಮೂಕ ಆಗ್ತದೆ” ಎನ್ನುತ್ತಿದ್ದಳು. ಅಂದಿನಿಂದ ಆ ಕೆಲಸ ಅವಳದಾಯಿತು. ಬರಬರುತ್ತಾ ಅರಗಿನಲ್ಲಿ ಅದ್ದುವುದು ಅವಳದು, ಒಣಹಾಕುವುದು ಅವಳದು, ತಾರೀಖಿನ ಚೀಟಿ ಅಂಟಿಸುವುದೂ ಅವಳದು. ನನ್ನದು ಸಂಬಳ.

ಗೆರೆ ಓದಲು ನನಗೆ ಕಲಿಸಿದ್ದೂ ಅವಳೇ ಎಂದರೆ ತಪ್ಪಲ್ಲ. ಆಷಾಢದಲ್ಲಿ ಕಡಲು ಏಳುತ್ತಿದ್ದ ಹಾಗೆ ಆ ತೆಳು ಗೆರೆ ನಡುಗಿ ನಡುಗಿ ಹಗ್ಗದಷ್ಟು ದಪ್ಪವಾಗುತ್ತಿತ್ತು. ತೆರೆಗಳ ಹೊಡೆತ ಬಂಡೆಗೆ ತಗುಲಿ ಗುಡ್ಡದವರೆಗೂ ಬರುತ್ತದೆ. ಸಂಸ್ಥೆಯವರು ಅದಕ್ಕೆ ‘ಕಸ’ ಎನ್ನುತ್ತಿದ್ದರು. ಅಕ್ಕ ಆ ಕಸ ನೋಡಿ ಕೆಳಗಿನವರಿಗೆ “ಇವತ್ತು ದೋಣಿ ಇಳಿಸ್ಬೇಡಿ, ಕಾಗದ ದಪ್ಪ ಆಗೀದೆ” ಎಂದು ಹೇಳಿ ಕಳಿಸುತ್ತಿದ್ದಳು. ಕೆಲವರು ನಕ್ಕರು, ಹೆಚ್ಚಿನವರು ಕೇಳಿದರು. ಬಂಡೆ ಒಡೆಯುವವರ ಸಿಡಿಮದ್ದು ಯಾವುದು, ಹೆದ್ದಾರಿಯ ಲಾರಿ ಯಾವುದು, ದೂರದ ನಡುಕ ಯಾವುದು ಎಂದು ನನಗೆ ಬೆರಳು ತೋರಿಸಿ ಹೇಳುತ್ತಿದ್ದಳು. ದೂರದ್ದು ಬಂದಾಗ ಮಾತ್ರ ಅವಳ ದನಿ ತಗ್ಗುತ್ತಿತ್ತು. “ಇದು ಬಹಳ ಆಳದಿಂದ ಬಂದದ್ದು. ಎಲ್ಲಿ ಯಾರ ಮನೆ ಬಿತ್ತೋ” ಎನ್ನುತ್ತಿದ್ದಳು. ಸಂಸ್ಥೆಯ ಯಾವ ವಿದ್ವಾಂಸನ ಬಾಯಲ್ಲೂ ನಾನು ಆ ಎರಡನೆಯ ವಾಕ್ಯ ಕೇಳಿಲ್ಲ.

ಈಗ ಪಿಪ್ಪಿನ ವಿಚಾರ. ಗಡಿಯಾರ ಒಂದು ಸೆಕೆಂಡು ಹೆಚ್ಚುಕಮ್ಮಿಯಾದರೂ ಈ ಲೆಕ್ಕವೆಲ್ಲ ಮಣ್ಣುಪಾಲು. ಅದಕ್ಕೊಂದು ಕಟ್ಟಳೆ ಇತ್ತು. ಬೆಳಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪಿಪ್ ಪಿಪ್ ಎಂದು ಸಮಯದ ಕೂಗು ಬರುತ್ತದಲ್ಲ, ಅದರ ಕೊನೆಯ ಪಿಪ್ಪಿಗೆ ಸರಿಯಾಗಿ ಒಂದು ಗುಂಡಿ ಒತ್ತಬೇಕು. ಸೂಜಿ ಮಸಿಯಲ್ಲಿ ಒಂದು ಗೀಟು ಹಾಕುತ್ತದೆ. ಗಡಿಯಾರದ ಗೀಟಿಗೂ ಪಿಪ್ಪಿನ ಗೀಟಿಗೂ ನಡುವೆ ಎಷ್ಟು ಅಂತರವೋ ಅಷ್ಟು ಗಡಿಯಾರದ ತಪ್ಪು. ಆ ಹೊತ್ತಿಗೆ ಗುಡ್ಡದ ಮೇಲಿರಬೇಕಾದವನು ನಾನು. ನಾನು ಕುಮಟೆಯಲ್ಲಿ ಹಾಸಿಗೆಯಲ್ಲಿರುತ್ತಿದ್ದೆ. ಗುಂಡಿ ಒತ್ತುತ್ತಿದ್ದವಳು ಅವಳು.

ಒತ್ತುವುದನ್ನು ನಾನು ಕೆಲವು ಸಲ ನೋಡಿದ್ದೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಆ ಕಪ್ಪು ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟು ಉಸಿರು ಹಿಡಿದು ನಿಲ್ಲುತ್ತಿದ್ದಳು. ಕೊನೆಯ ಪಿಪ್ಪೂ ಅವಳ ಬೆರಳೂ ಒಟ್ಟಿಗೆ ಇಳಿಯುತ್ತಿದ್ದವು. ಆಮೇಲೆ ದೇವರಿಗೆ ದೀಪ ಇಟ್ಟವಳ ಹಾಗೆ ಒಮ್ಮೆ ಹಿಂದೆ ಸರಿದು “ಆತು” ಎನ್ನುತ್ತಿದ್ದಳು.

ಆ ವರ್ಷ ದೀಪಾವಳಿಗೆ ನಾನು ಶಿರಾಲಿಗೆ ಹೋಗಿದ್ದಾಗ ಬ್ಯಾಟರಿ ಸತ್ತು ಗಡಿಯಾರ ನಿಂತಿತು. ಮರಳಿ ಬಂದವನೇ ಹೊಸ ಬ್ಯಾಟರಿ ಹಾಕಿ, ನನ್ನ ಕೈಗಡಿಯಾರ ನೋಡಿ ಸಮಯ ಇಟ್ಟೆ. ಮಾವ ಮುಂಬಯಿಯಿಂದ ತಂದುಕೊಟ್ಟ ವಾಚು. ಅದರ ಮೇಲೆ ನನಗೆ ಸೂರ್ಯನಿಗಿಂತ ಹೆಚ್ಚು ನಂಬಿಕೆ.

“ನಾಳೆ ಬೆಳಗ್ಗೆ ರೇಡಿಯೋ ಕೂಗೂವರೆಗೆ ತಡಿ ತಮಾ” ಎಂದಳು ಅಕ್ಕ.

“ಬೇಡ. ವಾಚು ಸರಿ ಇದೆ.”

ಮರುದಿನವೇ ಅವಳು ಕಾಗದ ಹಿಡಿದು ತೋರಿಸಿದಳು. “ಗಡಿಯಾರ ಮೊದ್ಲೇ ಗೀಟು ಹಾಕ್ತದೆ, ರೇಡಿಯೋ ಆಮೇಲೆ ಕೂಗ್ತದೆ. ನೋಡು, ಇಷ್ಟು.” ನಡುವಿನ ಜಾಗ ಅರ್ಧ ಅಕ್ಕಿಕಾಳಿನಷ್ಟು. ಅಳೆದರೆ ಮೂರು ಸೆಕೆಂಡು. ಗಡಿಯಾರ ಮೂರು ಸೆಕೆಂಡು ಮುಂದೆ ಇತ್ತು. ನೋಡುತ್ತೇನೆ ಎಂದೆ, ನೋಡಲಿಲ್ಲ. ವಾರ ಬಿಟ್ಟು ಮತ್ತೆ ಹೇಳಿದಳು. ತಿಂಗಳು ಬಿಟ್ಟು ಮತ್ತೊಮ್ಮೆ. ತಿಂಗಳ ಕೊನೆಗೆ ಸಂಸ್ಥೆಗೆ ಕಳಿಸುವ ಪಟ್ಟಿಯಲ್ಲಿ ‘ಗಡಿಯಾರದ ತಪ್ಪು’ ಎಂಬ ಕಾಲಂ ಇತ್ತು. ಅದರಲ್ಲಿ ನಾನು ಮೇಲಿನಿಂದ ಕೆಳಗಿನವರೆಗೆ ಸೊನ್ನೆ ಬರೆದೆ. ನಾಲ್ಕು ತಿಂಗಳು ಹೀಗೆ. ಪಟ್ಟಿ ಮಾತ್ರ ಅಂಚೆಯಲ್ಲಿ ಹೋಗುತ್ತಿತ್ತು, ಮಸಿಯ ಕಾಗದಗಳು ಗುಡಿಸಲಿನಲ್ಲೇ ರಾಶಿ ಬೀಳುತ್ತಿದ್ದವು.

ಗಡಿಯಾರ ಮುಂದೆ ಇದ್ದರೆ ಬರುವ ಅಲೆಯೆಲ್ಲ ತಡವಾಗಿ ಬಂದ ಹಾಗೆ ಕಾಣುತ್ತದೆ. ಅದು ಯಾವ ದಿಕ್ಕಿನಿಂದಲಾದರೂ ಬರಲಿ, ಮೂರು ಸೆಕೆಂಡು ತಡ. ಸಂಸ್ಥೆಯ ದೊಡ್ಡ ಸಾಹೇಬರಿಗೆ ನನ್ನ ಪಟ್ಟಿ ಕಂಡು ಸ್ವರ್ಗ ಸಿಕ್ಕಂತಾಯಿತು. ನಮ್ಮ ಕರಾವಳಿಯ ಅಡಿಯಲ್ಲಿ, ಬಹಳ ಆಳದಲ್ಲಿ, ಕಾದು ಮೆತ್ತಗಾದ ಬಂಡೆಯ ದೊಡ್ಡ ಮುದ್ದೆಯೊಂದಿದೆ ಎಂದು ಅವರು ಮೊದಲೇ ಎಲ್ಲೋ ಭಾಷಣ ಮಾಡಿದ್ದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಊರಿನಲ್ಲಷ್ಟೇ ಇರುವುದಿಲ್ಲ. ಅವರು ಪ್ರಬಂಧ ಬರೆದರು, ಚಿತ್ರ ಬರೆಸಿದರು, ಜೀಪು ಹತ್ತಿ ನಮ್ಮ ಗುಡ್ಡ ನೋಡಲು ಬಂದರು.

ಆ ಮನುಷ್ಯನನ್ನು ನೆನೆದರೆ ಇಂದಿಗೂ ನನ್ನ ಬಾಯಿ ಕಹಿಯಾಗುತ್ತದೆ. ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದರು. ಅಕ್ಕ ಕೊಟ್ಟ ನೀರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಮುಟ್ಟಲಿಲ್ಲ. ಆದರೆ ಮಧ್ಯಾಹ್ನದ ಊಟಕ್ಕೆ ಪಾಂಪ್ಲೆಟ್ ಮೀನು ಹುರಿದು ಕುಮಟೆಯ ಸರಕಾರಿ ಬಂಗಲೆಗೆ ಕಳಿಸಬೇಕೆಂದು ಜೀಪು ಇಳಿಯುವ ಮೊದಲೇ ಅಪ್ಪಣೆಯಾಗಿತ್ತು. ಮೀನು ಬೇಕು, ಮೀನಿನವಳು ಬೇಡ. ನಾನು ಚೆಲ್ಲಿದ ಚಹಾ ಆ ಕಟ್ಟೆಯ ಮೇಲೆ ತುಂಬಿ ನಿಂತ ಹಾಗೆ ಕಂಡಿತು.

ಅವರು ಚಿತ್ರ ಬಿಚ್ಚಿ ಮೇಜಿನ ಮೇಲೆ ಹರಡಿದರು. ಭೂಮಿಯನ್ನು ಸೀಳಿ ತೋರಿಸಿದ ಚಿತ್ರ. ಎಲ್ಲ ಕಡೆ ಹಸಿರು, ನೀಲಿ. ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯ ಕೆಳಗೆ ಮಾತ್ರ ಒಂದು ಕೆಂಪು ಬಾವು.

ಅಕ್ಕ ಹಿಂದಿನಿಂದ ಇಣುಕಿ ನನ್ನನ್ನು ಕೇಳಿದಳು, “ಎಂತ ತಮಾ ಅದು, ಕೆಂಪು?”

“ನಮ್ಮ ಕೆಳಗೆ ಬಂಡೆ ಮೆತ್ತಗಿದೆಯಂತೆ ಅಕ್ಕಾ. ಅಲೆ ಮೂರು ಸೆಕೆಂಡು ತಡ ಬರ್ತದೆ.”

ಅವಳು ರಾಶಿ ಬಿದ್ದ ಕಾಗದಗಳ ಕಡೆ ನೋಡಿದಳು. ಆಮೇಲೆ ನಕ್ಕಳು, ಕೆಟ್ಟ ನಗೆಯಲ್ಲ. ಮಕ್ಕಳು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದಾಗ ನಗುವ ಹಾಗೆ. ನೇರ ಸಾಹೇಬರಿಗೇ ಹೇಳಿದಳು:

“ಮೂರು ಅಂದ್ರೆ ಅದು ನಮ್ಮ ಗಡಿಯಾರದ ಮೂರು ಅಲ್ದಾ ಸಾಯ್ಬ್ರೆ? ದೀಪಾವಳಿಂದ ಅದು ಮುಂದೆ ಓಡ್ತಾ ಇತ್ತು. ದಿನಾ ಗೀಟು ಹಾಕಿಟ್ಟಿದ್ದೆ ನಾನು. ಬಂಡೆ ಗಟ್ಟಿಯೇ ಇರ್ಬೇಕು. ಗಟ್ಟಿ ಹಲಗೆಗೆ ಕೊಳೆತದ್ದು ಅಂತ ಹೇಳೂಕಾಗ.” ರಾಶಿಯಿಂದ ಒಂದು ಕಾಗದ ಎಳೆದು, ಆ ಕಪ್ಪು ಉಗುರನ್ನು ಗೀಟಿನ ಮೇಲೆ ಇಟ್ಟು ತೋರಿಸಿದಳು.

ಸಾಹೇಬರು ಕನ್ನಡದವರೇ. ಕಿಸೆಯಿಂದ ಭೂತಗನ್ನಡಿ ತೆಗೆದು ನೋಡಿದರು. ಇನ್ನೊಂದು ಕಾಗದ ತೆಗೆಸಿ ನೋಡಿದರು. ಮತ್ತೊಂದು. ಅವರ ಕಿವಿ ಕೆಂಪಾಯಿತು. ಅವರಿಗೆ ಅರ್ಥವಾಯಿತು, ಪೂರ್ತಿ ಅರ್ಥವಾಯಿತು. ನಾನು ಒಂದು ಮೊಳ ದೂರದಲ್ಲಿ ನಿಂತು ಅದನ್ನು ಕಂಡೆ. ಆಮೇಲೆ ಅವರು ಭೂತಗನ್ನಡಿಯನ್ನು ಅದೇ ಕರವಸ್ತ್ರದಿಂದ ಒರೆಸಿ ಕಿಸೆಗೆ ಹಾಕಿಕೊಂಡರು. ಕಂಡ ಸತ್ಯವನ್ನು ಒಬ್ಬ ಓದಿದ ಮನುಷ್ಯ ಗುಟುಕರಿಸಿ ನುಂಗಿದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ, ನನ್ನನ್ನು ಬಿಟ್ಟರೆ.

ಹೊರಗೆ ಬಂಡೆಯ ಮೇಲೆ ನನ್ನನ್ನು ಕರೆದರು. ಪ್ರಬಂಧ ಅಚ್ಚಿಗೆ ಹೋಗಿದೆ ಎಂದರು. ಪಟ್ಟಿಯ ಸೊನ್ನೆಗಳಿಗೆ ರುಜು ಹಾಕಿದವನು ನಾನು ಎಂದು ನೆನಪಿಸಿದರು. ನನ್ನ ಕಾಯಂ ನೇಮಕದ ಕಾಗದ ತಮ್ಮ ಮೇಜಿನ ಮೇಲಿದೆ ಎಂದೂ ಹೇಳಿದರು. ಬೆದರಿಕೆಯ ದನಿಯೇ ಇಲ್ಲ, ಮಗನ ಮದುವೆಯ ಮಾತಾಡುವ ಹಾಗಿತ್ತು. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿ ಬರೆಸಿದರು. ‘ಗುಂಡಿ ಒತ್ತುತ್ತಿದ್ದವಳು ತರಬೇತಿ ಇಲ್ಲದ ಅನಕ್ಷರಸ್ಥೆ. ಮನಸ್ಸಿಗೆ ಬಂದಾಗ ಒತ್ತಿದ್ದಾಳೆ. ಅವಳ ಗೀಟುಗಳನ್ನು ನಂಬತಕ್ಕದ್ದಲ್ಲ. ಇದನ್ನು ಅವಳೇ ಒಪ್ಪಿದ್ದಾಳೆ.’ ಕೆಳಗೆ ನನ್ನ ರುಜು. ಅದರ ಪಕ್ಕ ಅವಳ ಹೆಬ್ಬೆಟ್ಟು ಬೇಕು.

ನಾನು ಒಳಗೆ ಹೋಗಿ ಕಾಗದ ಅವಳ ಮುಂದೆ ಇಟ್ಟೆ.

“ಎಂತ ಬರ್ದೀದೆ ಇದ್ರಲ್ಲಿ?” ಎಂದಳು.

ನಾನು ಕಾಗದದ ಅಂಚು ಸರಿ ಮಾಡಿದೆ. ಹೊರಗೆ ಜೀಪಿನವನು ಎಂಜಿನ್ ಚಾಲೂ ಮಾಡುವ ಸದ್ದು ಕೇಳಿತು. ಅದು ನಿಂತ ಮೇಲೆ ಹೇಳಿದೆ: “ನೀನು ಇಷ್ಟು ದಿನ ಚೊಲೋ ಕೆಲಸ ಮಾಡಿದ್ದೆ ಅಂತ.”

ಅವಳು ನನ್ನ ಮುಖ ನೋಡಿದಳು. ಶಾಯಿಯ ಡಬ್ಬಿ ಇರಲಿಲ್ಲ. ದೀಪದ ಗಾಜಿನ ಒಳಗೆ ಹೆಬ್ಬೆರಳು ಹಾಕಿ ಮಸಿ ತೀಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ದಿನಾ ಗುಂಡಿ ಒತ್ತುವ ಹಾಗೆಯೇ ಒತ್ತಿದಳು. “ಆತು” ಎಂದಳು.

ಮರುವಾರ ಅವಳನ್ನು ಕೆಲಸದಿಂದ ತೆಗೆದರು. ಆ ನಾಲ್ಕು ತಿಂಗಳ ಕಾಗದಗಳಲ್ಲಿ ಕಡಲಿನ ಗದ್ದಲ ಹೆಚ್ಚಾಗಿದೆ, ಸುಟ್ಟುಹಾಕಿ ಎಂದು ನನಗೆ ಪತ್ರ ಬಂತು. ದೀಪಾವಳಿಯ ಮೇಲಿನ ಕಡಲಿಗೆ ಎಲ್ಲಿಯ ಗದ್ದಲ? ಕೆರೆಯ ಹಾಗೆ ಬಿದ್ದಿರುತ್ತದೆ. ಕೊನೆಯ ದಿನ ಅವಳು ಗುಡಿಸಲು ಗುಡಿಸಿ, “ಸುಡೂದಾದ್ರೆ ನಂಗೇ ಕೊಡು, ಉಪ್ಯೋಗಕ್ಕೆ ಬರ್ತದೆ” ಎಂದಳು. ಸುಡುವ ಕೆಲಸವೂ ತಪ್ಪಿತಲ್ಲ ಎಂದು ಕೊಟ್ಟೆ. ಪೆಟ್ಟಿಗೆಗಳನ್ನು ಹತ್ತಿಸಿದ ತಲೆಯ ಮೇಲೆಯೇ ಆ ಕಟ್ಟುಗಳನ್ನು ಇಳಿಸಿಕೊಂಡು ಹೋದಳು. ನಾನು ಒಂದು ಕಟ್ಟಿಗೂ ಕೈ ಹಾಕಲಿಲ್ಲ. ಅಂಗಿಗೆ ಮಸಿ ಆಗುತ್ತಿತ್ತು.

ನನ್ನ ಕೆಲಸ ಕಾಯಂ ಆಯಿತು. ಯಂತ್ರ ಎತ್ತಂಗಡಿಯಾಯಿತು, ನಾನು ದೂರದ ಊರಿನ ಮುಖ್ಯ ಕಚೇರಿಗೆ ಹೋದೆ. ಅಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಆ ಕೆಂಪು ಬಾವಿನ ಚಿತ್ರವನ್ನು ಕಟ್ಟು ಹಾಕಿಸಿ ತೂಗಿಸಿದ್ದರು. ಏಳೆಂಟು ವರ್ಷ ದಿನಕ್ಕೆರಡು ಸಲ ಅದರ ಮುಂದೆ ಹಾದು ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಯಾರಾದರೂ ಆ ಚಿತ್ರ ನೋಡುತ್ತಾ ನಿಂತರೆ ನನ್ನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಗುತ್ತಿತ್ತು. ಬಂದ ಅತಿಥಿಗಳಿಗೆ ಅದನ್ನು ವಿವರಿಸುವ ಕೆಲಸವನ್ನೂ ಕೆಲವು ಸಲ ನಾನೇ ಮಾಡಿದ್ದೇನೆ. ಚೆನ್ನಾಗಿಯೇ ವಿವರಿಸಿದ್ದೇನೆ, ಥೂ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದವನು ಕುಮಟೆಯ ಮೀನುಪೇಟೆಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಬುಟ್ಟಿ ಹೊತ್ತ ಒಬ್ಬ ಹೆಂಗಸು ನನ್ನ ಗುರುತು ಹಿಡಿದಳು. “ಮಸಿಯಕ್ಕ ಮಲಗೀದೆ. ಎದ್ದು ಕೂರೂಕೂ ಆಗೂದಿಲ್ಲ. ಒಂದ್ಸಲ ನೋಡ್ಕಂಡು ಹೋಗಿ” ಎಂದಳು. ಹೋಗದೆ ಇರಲು ನೆಪ ಹುಡುಕಿದೆ. ಬಸ್ಸೂ ಬಂತು. ಹತ್ತಿದೆ, ಧಾರೇಶ್ವರದಲ್ಲಿ ಇಳಿದೆ.

ಕಡಲಿನ ದಂಡೆಯ ಸಣ್ಣ ಹಂಚಿನ ಮನೆ. ಮಗಳು ಬಾಗಿಲಲ್ಲಿ ಬಲೆ ಸರಿ ಮಾಡುತ್ತಿದ್ದಳು. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ತಲೆಯೆತ್ತಿ ನೋಡಿದೆ. ಹಂಚಿನ ಮಾಡಿನ ಅಡಿಯಲ್ಲಿ, ಪಕಾಸಿಯ ಮರದಿಂದ ಮರಕ್ಕೆ, ಮನೆಯ ಉದ್ದಕ್ಕೂ ಆ ಕಪ್ಪು ಕಾಗದಗಳು. ಮಸಿಯ ಮುಖ ಕೆಳಗೆ. ಬಿಳಿ ಗೆರೆಗಳು ಒಂದರ ಪಕ್ಕ ಒಂದು, ಚಾಪೆ ನೇಯ್ದ ಹಾಗೆ.

“ಅರಗು ಕುಡಿಸಿದ ಕಾಗದ ಅಲ್ದಾ” ಎಂದಳು ಮಗಳು. “ಒಂದು ಹನಿ ಸೋರೂದಿಲ್ಲ.”

ಅಕ್ಕ ಮಂಚದ ಮೇಲೆ ಒಂದು ಹಿಡಿಯಷ್ಟಾಗಿದ್ದಳು. ನನ್ನನ್ನು ನೋಡಿ, “ಬಂದ್ಯಾ ತಮಾ, ಚಾ ಮಾಡೂಕೆ ಹೇಳ್ತೆ. ಈ ಸಲ ಕುಡಿ” ಎಂದಳು. ಕಿಟಕಿಯ ವಿಷಯ ಮೊದಲ ದಿನದಿಂದಲೂ ಗೊತ್ತಿತ್ತು ಅವಳಿಗೆ. ಕುಡಿದೆ. ಲೋಟದ ಮೇಲೆ ಮಗಳ ಕೈಯ ಮೀನಿನ ವಾಸನೆ ಇತ್ತು, ನಮ್ಮ ಅಜ್ಜಿಯ ವಾಸನೆಯೇ.

ಮರುದಿನ ಅಳತೆಪಟ್ಟಿ, ಭೂತಗನ್ನಡಿ, ಬ್ಯಾಟರಿ ದೀಪ ತಂದೆ. ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಕತ್ತು ಮೇಲೆತ್ತಿ, ಅವಳ ಮನೆಯ ಮಾಡನ್ನು ಎರಡು ಹಗಲು ಓದಿದೆ. ನಾಲ್ಕು ತಿಂಗಳ ದೂರದ ನಡುಕಗಳೆಲ್ಲ ಅಲ್ಲಿದ್ದವು. ಪ್ರತಿ ಕಾಗದದಲ್ಲೂ ಗಡಿಯಾರದ ಗೀಟಿನ ಪಕ್ಕ, ಅರ್ಧ ಅಕ್ಕಿಕಾಳು ಬಿಟ್ಟು, ಅವಳ ಗೀಟು. ಒಂದು ದಿನವೂ ತಪ್ಪಿಲ್ಲ, ಒಂದು ದಿನವೂ ಜಾಗ ಬದಲಾಗಿಲ್ಲ. ಮಗಳಿಗೆ ಜ್ವರ ಬಂದ ದಿನವೂ ಇತ್ತು, ಸಂಕ್ರಾಂತಿಯ ದಿನವೂ ಇತ್ತು. ಮೂರು ಸೆಕೆಂಡು ಕಳೆದು ಲೆಕ್ಕ ಹಾಕಿದೆ. ಅಲೆಗಳೆಲ್ಲ ಬರಬೇಕಾದ ಹೊತ್ತಿಗೆ ಸರಿಯಾಗಿ ಬಂದಿದ್ದವು.

ಸ್ಟೂಲಿನಿಂದ ಇಳಿದು ಮಂಚದ ಪಕ್ಕ ಕೂತೆ. “ಅಕ್ಕಾ, ಹಲಗೆ ಗಟ್ಟಿ ಇದೆ” ಎಂದೆ.

“ಅದು ನಂಗೆ ಆಗ್ಲೇ ಗೊತ್ತಿತ್ತಲ್ಲ.”

“ಆ ದಿನ ನಿನಗೆ ನಾನು ಸುಳ್ಳು ಹೇಳಿದೆ. ಆ ಕಾಗದದಲ್ಲಿ…”

“ಅದೂ ಗೊತ್ತಿತ್ತು. ಎಂತ ಬರ್ದೀದೆ ಅಂತ ಕೇಳ್ದೆ. ನೀ ಹೇಳೂಕೆ ತಡ ಮಾಡ್ದೆ.”

“ಮತ್ತೆ ಯಾಕೆ ಒತ್ತಿದೆ?”

ಅವಳು ಮಾಡಿನ ಕಡೆ ನೋಡುತ್ತಾ ಹೇಳಿದಳು, “ಒತ್ತದೆ ಇದ್ರೆ ನಿನ್ನ ಕೆಲ್ಸ ಹೋಗ್ತಿತ್ತು. ನಂಗೆಂತಾ, ಬುಟ್ಟಿ ಇತ್ತಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಈಗ ಅದನ್ನ ಸರಿ ಮಾಡಿ ಬರೀತ್ಯಾ?” ಎಂದಳು.

“ಬರೀತೆ ಅಕ್ಕಾ” ಎಂದೆ.

ರಜೆ ಮುಗಿಸಿ ಹೋದೆ. ಬರೆಯಲು ಕೂತಾಗೆಲ್ಲ ಬಡ್ತಿಯ ಯೋಚನೆ, ಮಕ್ಕಳ ಶಾಲೆಯ ಯೋಚನೆ. ನಾಳೆ, ನಾಡಿದ್ದು ಎಂದು ದಿನ ತಳ್ಳಿದೆ. ಮಳೆ ಹಿಡಿಯುವ ಮೊದಲೇ ಅವಳು ತೀರಿಕೊಂಡಳು. ಮಗಳು ಬರೆಸಿದ ಕಾರ್ಡು ಕಚೇರಿಯ ವಿಳಾಸಕ್ಕೆ ಬಂತು. ಅದನ್ನು ಓದಿದ್ದು ಮೆಟ್ಟಿಲ ಪಕ್ಕ, ಆ ಕೆಂಪು ಬಾವಿನ ಚಿತ್ರದ ಕೆಳಗೆ.

ಆ ವಾರ ಬರೆದೆ. ಸೊನ್ನೆಗಳನ್ನು ನಾನೇ ಬರೆದದ್ದು, ಹೆಬ್ಬೆಟ್ಟು ಸುಳ್ಳು ಹೇಳಿ ಹಾಕಿಸಿದ್ದು, ಎಲ್ಲವನ್ನೂ ಬರೆದು, ಹೊಸ ಲೆಕ್ಕ ಜೊತೆಗಿಟ್ಟು, ಸಂಸ್ಥೆಗೂ ಆ ಪ್ರಬಂಧ ಅಚ್ಚು ಮಾಡಿದವರಿಗೂ ಕಳಿಸಿದೆ. ‘ವೀಕ್ಷಕರು’ ಎಂಬ ಕಡೆ ನನ್ನ ಹೆಸರು ಹೊಡೆದು ಅವಳ ಪೂರ್ತಿ ಹೆಸರು ಬರೆದೆ. ಅವಳ ಹೆಸರು ಇರಬೇಕಾದ ಜಾಗ ಅದು, ಅದಕ್ಕೇ ಇಲ್ಲಿ ಬರೆದಿಲ್ಲ. ಸಂಸ್ಥೆಯಿಂದ ಒಂದೇ ಸಾಲಿನ ಉತ್ತರ ಬಂತು: ತಮ್ಮ ಪತ್ರ ತಲುಪಿದೆ. ಚಿತ್ರ ಗೋಡೆಯ ಮೇಲೆಯೇ ಉಳಿಯಿತು. ನಾನು ಕೆಲಸ ಬಿಟ್ಟು ಶಿರಾಲಿಗೆ ಬಂದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಅವಳು ಕಣ್ಣು ತೆರೆದಿದ್ದಾಗ ಮಾಡಬೇಕಿದ್ದ ಕೆಲಸ.

ಈಗ ಬೆಳಗ್ಗೆ ರೇಡಿಯೋ ಹಚ್ಚಿ ವಾರ್ತೆಗೆ ಕಾಯುತ್ತೇನೆ. ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಹೆಬ್ಬೆರಳನ್ನು ಮೇಜಿನ ಅಂಚಿಗೆ ಇಟ್ಟಿರುತ್ತೇನೆ. ಕೊನೆಯ ಪಿಪ್ಪಿಗೆ ಸರಿಯಾಗಿ ಒತ್ತಬೇಕು, ಅಷ್ಟೇ. ಇಷ್ಟು ವರ್ಷವಾಯಿತು, ಒಂದು ದಿನವೂ ಸರಿಯಾಗಿಲ್ಲ. ಪ್ರತಿ ಸಲವೂ ತಡವಾಗುತ್ತದೆ.